ಐದು ದಿನದ ಟಿಕೆಟ್, ಐದು ಮಂದಿ

ಹೈದರಾಬಾದಿನ ಫತೇ ಮೈದಾನದಲ್ಲಿ ಟೆಸ್ಟ್ ಪಂದ್ಯ ನಡೆದಿದ್ದು ಮೂರೇ ಸಲ: 1955, 1969, 1988. ಮೂರು ಸಲವೂ ಎದುರಿಗಿದ್ದದ್ದು ನ್ಯೂಜಿಲೆಂಡ್. ಮೂರಕ್ಕೂ ನಮ್ಮ ಮನೆಗೆ ಸೀಸನ್ ಟಿಕೆಟ್ ಬಂದಿತ್ತು. ಆದರೆ ಐದೂ ದಿನ ಕೂತು ಆಟ ನೋಡಿದವರು ಮನೆಯಲ್ಲಿ ಒಬ್ಬರೂ ಇಲ್ಲ.

ಆಗ ಟೆಸ್ಟ್ ಪಂದ್ಯದ ಐದೂ ದಿನಕ್ಕೆ ಸೇರಿ ಒಂದೇ ಟಿಕೆಟ್ ತೆಗೆಸುವುದು ರೂಢಿ. ಅದನ್ನೇ ಸೀಸನ್ ಟಿಕೆಟ್ ಅನ್ನುತ್ತಿದ್ದೆವು. ಅದರ ಮೇಲೆ ಸ್ಟ್ಯಾಂಡ್ ಇರುತ್ತಿತ್ತು, ಸೀಟಿನ ನಂಬರ್ ಇರುತ್ತಿತ್ತು. ಕೂರುವವರ ಹೆಸರು ಮಾತ್ರ ಇರುತ್ತಿರಲಿಲ್ಲ. ಸರಕಾರಿ ಗುಮಾಸ್ತನ ಸಂಬಳಕ್ಕೆ ಅದು ಭಾರವೇ. ಭಾರವಲ್ಲ ಅಂದುಕೊಂಡರೂ ಐದು ದಿನ ರಜೆ ಕೊಡುವವರು ಯಾರು? ಹಾಗಾಗಿ ಒಬ್ಬರು ಟಿಕೆಟ್ ತೆಗೆಸಿ ನಾಲ್ಕು ದಿನ ಬೇರೆಯವರಿಗೆ ಕೊಟ್ಟು, ಹಾಕಿದ ದುಡ್ಡು ಹೊರಡಿಸಿಕೊಳ್ಳುವ ಪದ್ಧತಿ ಬಂತು.

ನಮ್ಮಪ್ಪ ರಾಯಚೂರಿನವರು. ನಿಜಾಮರ ಕಾಲದಲ್ಲೇ ಹೈದರಾಬಾದಿಗೆ ಬಂದು, ಕಚೇರಿ ನೌಕರಿ ಹಿಡಿದು, ಕಾಚಿಗುಡದಲ್ಲಿ ಮನೆ ಮಾಡಿದ್ದರು. 1955ರ ನವೆಂಬರ್ 19ರಂದು ಇಲ್ಲಿ ಮೊದಲ ಟೆಸ್ಟ್ ಶುರುವಾದಾಗ ಕಲಬುರಗಿ, ರಾಯಚೂರು, ಬೀದರ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಅವು ಮೈಸೂರಿಗೆ ಸೇರಲು ಇನ್ನೂ ಒಂದು ವರ್ಷವಿತ್ತು. ಊರಿನವರೇ ಆದ ಗುಲಾಂ ಅಹಮದ್ ಭಾರತ ತಂಡದ ನಾಯಕ. ಪಾಲಿ ಉಮ್ರಿಗರ್ 223 ಹೊಡೆದರು. ಟೆಸ್ಟ್‌ನಲ್ಲಿ ಭಾರತೀಯನೊಬ್ಬ ಬಾರಿಸಿದ ಮೊದಲ ದ್ವಿಶತಕ ಅದು. ಅಪ್ಪ ಆ ಟಿಕೆಟ್ಟನ್ನು ಕಚೇರಿಯ ಗೆಳೆಯರ ಜತೆ ಹಂಚಿಕೊಂಡಿದ್ದರು. ಶನಿವಾರದ ದಿನವನ್ನು ತಮಗೇ ಇಟ್ಟುಕೊಂಡದ್ದಕ್ಕೆ ಉಳಿದವರು ವರ್ಷಗಟ್ಟಲೆ ಅವರನ್ನು ಆಡಿಕೊಂಡರಂತೆ.

1969ರ ಹೊತ್ತಿಗೆ ನಾನು ಕಾಲೇಜು ಹುಡುಗಿ, ಅಪ್ಪನ ಪಾಲಿನ ಲೆಕ್ಕ ಬರೆಯುವವಳು. ಮೈದಾನಕ್ಕೆ ಅಷ್ಟರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರು ಬಂದಿತ್ತು. ನಮ್ಮ ಬಾಯಲ್ಲಿ ಮಾತ್ರ ಫತೇ ಮೈದಾನವೇ. ಐದೂ ದಿನಕ್ಕೆ ಒಂದೇ ಬೆಲೆ ಕಟ್ಟುತ್ತಿರಲಿಲ್ಲ. ಮೊದಲ ದಿನಕ್ಕೂ ರಜೆಯ ದಿನಕ್ಕೂ ಹೆಚ್ಚು, ನಡುವಿನ ದಿನಗಳಿಗೆ ಮಟ್ಟಸ, ಐದನೇ ದಿನಕ್ಕೆ ಅರ್ಧ. ಪಂದ್ಯ ನಾಲ್ಕೇ ದಿನಕ್ಕೆ ಮುಗಿದರೆ ಐದನೆಯವನ ದುಡ್ಡು ಹೋಯಿತು. ಆ ಅಪಾಯಕ್ಕೇ ಅರ್ಧ ಬೆಲೆ. ಎಲ್ಲ ಪಾಲು ಕೂಡಿಸಿದರೆ ಟಿಕೆಟ್ಟಿನ ಬೆಲೆಗೆ ಸರಿಯಾಗಬೇಕು, ಮೇಲೆ ಒಂದು ಪೈಸೆಯೂ ಬರಬಾರದು ಅನ್ನುವುದು ಅಪ್ಪನ ಕಟ್ಟಳೆ.

ಆ ಸಲ ಕಟ್ಟಳೆ ಪೇಚಿಗೆ ಬಿತ್ತು. ಎರಡನೇ ದಿನದ ಆಟವೆಲ್ಲ ಮಳೆಗೆ ಹೋಯಿತು. ಆ ದಿನದ ಪಾಲು ತೆಗೆದುಕೊಂಡಿದ್ದ ಕಾಕಾ ತೊಯ್ದು ತೊಪ್ಪೆಯಾಗಿ ನಮ್ಮ ಮನೆಗೇ ಬಂದು ಟಿಕೆಟ್ ಮೇಜಿನ ಮೇಲಿಟ್ಟರು. ದುಡ್ಡು ವಾಪಸ್ ಕೊಡಬೇಕೇ? ಮಳೆ ಯಾರ ತಪ್ಪೂ ಅಲ್ಲ, ಪಾಲು ತೆಗೆದುಕೊಂಡವರದೇ ನಷ್ಟ ಎಂದು ತೀರ್ಮಾನವಾಯಿತು. ಮುಂದೆ ಭಾರತ 89ಕ್ಕೆ ಆಲೌಟ್. ಮೈದಾನಕ್ಕೆ ನುಗ್ಗಿದ ಹುಡುಗನೊಬ್ಬನಿಗೆ ಪೊಲೀಸರ ಏಟು ಬಿದ್ದು ರಕ್ತ ಸುರಿದದ್ದೇ ತಡ, ಪ್ರೇಕ್ಷಕರು ರೊಚ್ಚಿಗೆದ್ದರು. ಕೊನೆಯ ದಿನ ಗೆಲ್ಲಲು 268 ಬೇಕಿದ್ದ ಭಾರತ 76ಕ್ಕೆ 7 ವಿಕೆಟ್ ಕಳೆದುಕೊಂಡಿದ್ದಾಗ ಮತ್ತೆ ಮಳೆ ಹೊಯ್ದಿತು. ನೆಲ ಒಣಗಿಸುವ ಕೆಲಸ ಆಮೆಗತಿಯಲ್ಲಿ ಸಾಗಿದ್ದು ಕಂಡು ನ್ಯೂಜಿಲೆಂಡ್ ನಾಯಕ ಗ್ರಹಾಂ ಡೌಲಿಂಗ್ ತಾವೇ ನೀರು ಒರೆಸಲು ಇಳಿದರು. ಪಂದ್ಯ ಡ್ರಾ ಆಯಿತು. ಅರ್ಧ ಬೆಲೆಗೆ ಕೊನೆಯ ದಿನ ಪಡೆದವರು ಎಲ್ಲರಿಗಿಂತ ಹೆಚ್ಚು ನೋಡಿ ಬಂದರು. ಆ ದೃಶ್ಯವನ್ನು ವರ್ಷಗಟ್ಟಲೆ ಅಭಿನಯಿಸಿ ತೋರಿಸಿದರು.

ಮುಂದೆ ನಾನು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಸೇರಿದೆ. ಗನ್‌ಫೌಂಡ್ರಿಯ ನಮ್ಮ ಮುಖ್ಯ ಕಚೇರಿಯಿಂದ ಮೈದಾನಕ್ಕೆ ನಡೆದೇ ಹೋಗಬಹುದಿತ್ತು. ಹಿಂದಿನ ನಿಜಾಮ ಸೀಮೆಯ ಊರೂರಲ್ಲಿ ಶಾಖೆಗಳಿದ್ದ ಬ್ಯಾಂಕು. ಕಲಬುರಗಿ, ರಾಯಚೂರಿನಿಂದ ವರ್ಗವಾಗಿ ಬಂದ ಕನ್ನಡದವರು ಬೇಕಾದಷ್ಟು ಮಂದಿ. ಅಪ್ಪನ ಪಾಲಿನ ಲೆಕ್ಕದ ಪುಸ್ತಕ ಅಲ್ಲಿ ನನ್ನ ಮೇಜಿನ ಖಾನೆ ಸೇರಿತು. 1988ರ ಡಿಸೆಂಬರ್ 2, ಶುಕ್ರವಾರ ಟೆಸ್ಟ್ ಶುರು. ಶನಿವಾರ, ಭಾನುವಾರಕ್ಕೆ ಜಗಳ, ಸೋಮವಾರ ಆಟಗಾರರಿಗೆ ವಿಶ್ರಾಂತಿ, ಮಂಗಳವಾರಕ್ಕೆ ಸಿ.ಎಲ್. ಹಾಕಲು ಒಬ್ಬರೇ ತಯಾರು. ಬುಧವಾರವನ್ನು ಹೊಸದಾಗಿ ಸೇರಿದ ಹುಡುಗನಿಗೆ ಅರ್ಧ ಬೆಲೆಗೆ ಕಟ್ಟಿದೆವು. ಅಜರುದ್ದೀನ್, ಅರ್ಷದ್ ಅಯೂಬ್ ಇಬ್ಬರೂ ಊರಿನ ಹುಡುಗರೆಂಬ ಸಂಭ್ರಮ ಬೇರೆ. ಭಾರತ ಮಂಗಳವಾರವೇ 10 ವಿಕೆಟ್‌ಗಳಿಂದ ಗೆದ್ದುಬಿಟ್ಟಿತು. ಗೆಲುವಿಗೆ ಹೀಗೆ ಮುಖ ಸಪ್ಪೆ ಮಾಡಿಕೊಂಡವನನ್ನು ನಾನು ಮತ್ತೆ ಕಂಡಿಲ್ಲ. ಚಂದಾ ಎತ್ತಿ ಅವನಿಗೆ ಇರಾನಿ ಚಹಾ, ಸಮೋಸ ಕೊಡಿಸಿದೆವು.

ನಾವೆಲ್ಲ ಸಜ್ಜನರಾಗಿದ್ದರಿಂದ ಈ ಪದ್ಧತಿ ನಡೆಯಿತು ಅಂದರೆ ನನಗೇ ನಗು ಬರುತ್ತದೆ. ಅದು ನಡೆದದ್ದು ಐದು ದಿನದ ಆಟ ಒಬ್ಬರಿಗೆ ಹೆಚ್ಚಾಗುತ್ತಿದ್ದುದರಿಂದ. ಉಳಿದದ್ದನ್ನು ಹಂಚುವಾಗ ಲಾಭ ಕೇಳಲು ನಾಚಿಕೆ. ಒಂದು ದಿನದ ಪಂದ್ಯದಲ್ಲಿ ಉಳಿಯುವುದೇ ಇಲ್ಲ. 1987ರ ಮಾರ್ಚ್ 20ರಂದು ಪಾಕಿಸ್ತಾನ ಇದೇ ಮೈದಾನಕ್ಕೆ ಬಂದಾಗ ಇದು ಗೊತ್ತಾಯಿತು. ನಮ್ಮ ವಿಭಾಗದ ಇಬ್ಬರು ಬೆಳಗಿನ ಇನಿಂಗ್ಸ್ ಒಬ್ಬರಿಗೆ, ಮಧ್ಯಾಹ್ನದ್ದು ಇನ್ನೊಬ್ಬರಿಗೆ ಎಂದು ಒಂದೇ ಟಿಕೆಟ್ ಕೊಂಡಿದ್ದರು. ಬೆಳಗ್ಗೆ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಎರಡೂ ತಂಡ 212ಕ್ಕೆ ನಿಂತವು; ಕೊನೆಯ ಚೆಂಡಿಗೆ ಅಬ್ದುಲ್ ಖಾದಿರ್ ರನ್‌ಔಟ್; ಒಂದು ವಿಕೆಟ್ ಕಡಿಮೆ ಕಳೆದುಕೊಂಡಿದ್ದ ಭಾರತಕ್ಕೆ ಗೆಲುವು. ಇಂಥ ಆಟ ಬಿಟ್ಟು ಯಾರು ಏಳುತ್ತಾರೆ? ಗೇಟಿನ ಹೊರಗೆ ಕಾದವರು ಆರು ತಿಂಗಳು ಮಾತಾಡಲಿಲ್ಲ. ಆಟದ ಗಂಧಗಾಳಿ ಇಲ್ಲದವರೂ ಟಿಕೆಟ್ ಹಿಡಿದು ಬ್ಲ್ಯಾಕ್‌ನಲ್ಲಿ ಮಾರಿದ್ದನ್ನು ನಾನು ಮೊದಲು ಕಂಡದ್ದು ಆವಾಗಲೇ. ಸಿನಿಮಾ ಥಿಯೇಟರಿನ ಮುಂದಿನ ಕಸುಬು ಮೈದಾನದ ಮುಂದೆಯೂ ಬಂದು ನಿಂತಿತು. 1999ರ ನವೆಂಬರ್ 8ರಂದು ಸಚಿನ್ 186, ನಮ್ಮ ದ್ರಾವಿಡ್ 153 ಹೊಡೆದು 331 ರನ್ ಸೇರಿಸಿದ ದಿನದ ಸೀಟಿಗಂತೂ ಮುಖಬೆಲೆ ಹೇಳುವವರೇ ಇರಲಿಲ್ಲ.

2005ರ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳು ಉಪ್ಪಲ್ ಸ್ಟೇಡಿಯಂಗೆ ಹೋದವು. 2008ರಲ್ಲಿ ಐಪಿಎಲ್ ಬಂತು, ಮೊದಲು ಡೆಕ್ಕನ್ ಚಾರ್ಜರ್ಸ್, 2013ರಿಂದ ಸನ್‌ರೈಸರ್ಸ್. ಒಂದು ಆಟಕ್ಕಾಗಿ ಜನ ಮುಗಿಬೀಳುವುದು ಎಲ್ಲಿಗೆ ಮುಟ್ಟಿತೆಂದರೆ, 2022ರ ಸೆಪ್ಟೆಂಬರ್ 22ರಂದು ಆಸ್ಟ್ರೇಲಿಯಾ ವಿರುದ್ಧದ ಟಿ20 ಟಿಕೆಟ್ಟಿಗೆ ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದ ಎದುರು ನೂಕುನುಗ್ಗಲಾಗಿ ಹಲವರು ಗಾಯಗೊಂಡರು.

ವಿಚಿತ್ರವೆಂದರೆ, ಐಪಿಎಲ್ ನಮ್ಮ ಹಳೆಯ ಲೆಕ್ಕವನ್ನು ಬೇರೆ ವೇಷದಲ್ಲಿ ವಾಪಸ್ ತಂದಿದೆ. ಲೀಗ್ ಹಂತದಲ್ಲಿ ತವರಿನಲ್ಲಿ ಏಳು ಆಟ. ನನ್ನ ಮೊಮ್ಮಗಳು ಮತ್ತು ಅವಳ ಆಫೀಸಿನವರು ಎರಡು ಮೂರು ಆಟಕ್ಕೆ ಒಟ್ಟಿಗೇ ಟಿಕೆಟ್ ಹಿಡಿದು, ಧೋನಿ ಬರುವ ದಿನದ್ದನ್ನು ಬಿಟ್ಟುಕೊಟ್ಟು ಉಳಿದದ್ದರ ಖರ್ಚು ಹಗುರ ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾನೆ. ಅಲ್ಲಿ ಬೇಸ್‌ಬಾಲ್ ತಂಡವೊಂದಕ್ಕೆ ತವರಿನಲ್ಲೇ 81 ಆಟ; ಗೆಳೆಯರು ಸೇರಿ ಇಡೀ ಸೀಸನ್ ಕೊಂಡು, ಬೇಡಿಕೆಯ ಆಟಗಳನ್ನು ಆನ್‌ಲೈನಿನಲ್ಲಿ ಹೆಚ್ಚಿಗೆ ಮಾರಿ, ಸಾಧಾರಣ ಆಟಗಳನ್ನು ಹೆಚ್ಚೂಕಡಿಮೆ ಪುಕ್ಕಟೆ ನೋಡುತ್ತಾರೆ. ಅಲ್ಲಿ ಅದಕ್ಕೆ ಮುಚ್ಚುಮರೆಯಿಲ್ಲ.

"ಅಜ್ಜಿ, ನಾವು ಮಾಡೋದೂ ಬ್ಲ್ಯಾಕೇ ಏನು?" ಎಂದು ಮೊಮ್ಮಗಳು ಕೇಳಿದಳು. ನಾನು ಅಪ್ಪನ ಕಟ್ಟಳೆ ಹೇಳಿದೆ: ಒಂದು ಆಟಕ್ಕೆ ಹೆಚ್ಚು ತಗೋ, ಇನ್ನೊಂದಕ್ಕೆ ಕಡಿಮೆ ತಗೋ, ಕೂಡಿಸಿದಾಗ ನೀನು ಕೊಟ್ಟದ್ದನ್ನು ದಾಟಿದರೆ ನೀನು ಪ್ರೇಕ್ಷಕಿ ಅಲ್ಲ, ವ್ಯಾಪಾರಿ.

ಆದರೆ ಇದನ್ನು ಮನೆಮನೆಯ ಮರ್ಯಾದೆಗೆ ಬಿಟ್ಟರೆ ಸಾಲದು. 2024ರ ಜನವರಿಯಲ್ಲಿ ಇಂಗ್ಲೆಂಡ್ ಉಪ್ಪಲ್‌ನಲ್ಲಿ 28 ರನ್‌ಗಳಿಂದ ಗೆದ್ದ ಟೆಸ್ಟ್ ಕೂಡ ನಾಲ್ಕನೇ ದಿನವೇ, ಭಾನುವಾರ, ಮುಗಿಯಿತು. ಐದನೇ ದಿನ ಕೊಂಡವನ ಪಾಡು ಇಂದಿಗೂ ಜೂಜೇ. ವಿಂಬಲ್ಡನ್‌ನಲ್ಲಿ ಬೇಗ ಎದ್ದು ಹೊರಡುವವರ ಟಿಕೆಟ್ಟನ್ನು ಸಂಘಟಕರೇ ವಾಪಸ್ ತೆಗೆದುಕೊಂಡು, ಸರದಿಯಲ್ಲಿ ನಿಂತವರಿಗೆ ಕಡಿಮೆ ಬೆಲೆಗೆ ಮಾರಿ, ಆ ಹಣವನ್ನು ದಾನಕ್ಕೆ ಕೊಡುತ್ತಾರೆ. ಇಲ್ಲಿಯೂ ಮುಖಬೆಲೆಗೆ ಕೊಡು, ಮುಖಬೆಲೆಗೆ ತಗೋ ಅನ್ನುವ ಒಂದು ಕಿಟಕಿ ತೆರೆಯಬೇಕು, ಫೋನಿನಲ್ಲಾದರೂ ಸರಿ. ಬ್ಯಾಂಕಿನ ಮೇಜಿನ ಖಾನೆಯಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ ನಾವು ಮಾಡಿದ ಕೆಲಸ ಅದು. ಇಷ್ಟು ದೊಡ್ಡ ಸ್ಟೇಡಿಯಂ ಕಟ್ಟಿದವರಿಗೆ ಕಷ್ಟವಾಗಬಾರದು.