ಎಲೆಯ ಹರವು, ತೆನೆಯ ಎಣಿಕೆ

ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು ರೋಗದ ಹೆಸರು ತಿಳಿಯುವುದೇ ಸಸ್ಯ ಚಿತ್ರ ವಿಶ್ಲೇಷಣೆ ಎಂಬ ನಂಬಿಕೆ ಈಚೆಗೆ ಬಲವಾಗಿದೆ. ಹೆಸರಿಸುವುದು ಈ ವಿದ್ಯೆಯ ಒಂದು ಕವಲು ಮಾತ್ರ. ಬೇರು ಇರುವುದು ಅಳತೆಯಲ್ಲಿ. ಗಿಡದ ಎತ್ತರ, ಎಲೆಯ ಹರವು, ತೆಂಡೆಗಳ ಸಂಖ್ಯೆ, ತೆನೆಯ ಬೆರಳಿನಂಥ ಇಲುಕುಗಳು: ತಳಿ ಆಯ್ಕೆ ನಿಂತಿರುವುದೇ ಇವುಗಳ ಮೇಲೆ. ರಾಗಿಯ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲದಲ್ಲಿ ಅಳತೆಪಟ್ಟಿ, ತಕ್ಕಡಿ ಮತ್ತು ಪಳಗಿದ ಕಣ್ಣೇ ಉಪಕರಣ.

ಆಮೇಲೆ ಬಂದದ್ದು ಬಣ್ಣದ ಲೆಕ್ಕ. 1995ರಲ್ಲಿ ಪ್ರಕಟವಾದ ಸರಳ ಸೂತ್ರವೊಂದು ಹಸಿರಿನ ಇಮ್ಮಡಿಯಿಂದ ಕೆಂಪು ಮತ್ತು ನೀಲಿಯನ್ನು ಕಳೆದು ಗಿಡವನ್ನು ಮಣ್ಣಿನಿಂದ ಬೇರ್ಪಡಿಸಿತು. ನಮ್ಮ ತಲೆಮಾರು ಬೆಳೆದದ್ದು ಈ ಸೂತ್ರದ ನೆರಳಿನಲ್ಲಿ. ಇಂದಿನವರು ಇದನ್ನು ಹಳತೆಂದು ಬದಿಗೊತ್ತುವುದು ಅವಸರದ ತೀರ್ಮಾನ. ಮಾಗಡಿ, ಕನಕಪುರದ ಕೆಂಪು ಮಣ್ಣಿನ ಮೇಲೆ ಎಳೆಯ ರಾಗಿ ಪೈರು ಎಷ್ಟು ನೆಲ ಮುಚ್ಚಿದೆ ಎಂದು ತಿಳಿಯಲು ಇಂದಿಗೂ ಇಷ್ಟು ಸಾಕು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಕಾಣುತ್ತದೆ. ಪೈರು ತೆಂಡೆಯೊಡೆದು ಎಲೆಗಳು ಒಂದರ ಮೇಲೊಂದು ಬಿದ್ದಾಗ ಸೂತ್ರ ಸೋಲುತ್ತದೆ. ಅಕ್ಕಡಿ ಸಾಲಿನ ಅವರೆಯೂ ಹಸಿರೇ, ಕಳೆಯೂ ಹಸಿರೇ.

ಡೀಪ್ ಲರ್ನಿಂಗ್‌ಗೆ ಜಾಗವಾದದ್ದು ಇಲ್ಲಿ. 2012ರ ನಂತರ ಯಂತ್ರ ತಾನೇ ಚಿತ್ರಗಳಿಂದ ಲಕ್ಷಣ ಕಲಿಯತೊಡಗಿತು. 2016ರ ಪ್ರಸಿದ್ಧ ಅಧ್ಯಯನವೊಂದು 54,306 ಎಲೆಚಿತ್ರಗಳ ಸಂಗ್ರಹದಲ್ಲಿ ರೋಗ ಗುರುತಿಸುವಲ್ಲಿ ಶೇಕಡಾ 99.35 ನಿಖರತೆ ತೋರಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಸುಮಾರು ಶೇಕಡಾ 31ಕ್ಕೆ ಇಳಿಯಿತು. ಮೊದಲ ಅಂಕಿ ಎಲ್ಲರ ಬಾಯಲ್ಲಿದೆ. ಎರಡನೆಯದನ್ನು ಅದೇ ಲೇಖಕರು ಮುಚ್ಚಿಡದೆ ಬರೆದಿದ್ದರೂ ಓದಿದವರು ಕಡಿಮೆ. ಈ ಕೊರತೆಗೆ ಉತ್ತರದಂತಿರುವುದು ಗೋಧಿ ಸಂಶೋಧಕರ ಕೆಲಸ. 2020ರಲ್ಲಿ ಹಲವು ದೇಶಗಳ ಸಂಸ್ಥೆಗಳು ಕೂಡಿ ಹೊಲದಲ್ಲೇ ತೆಗೆದ 4,700 ಚಿತ್ರಗಳಲ್ಲಿ ಸುಮಾರು 1,90,000 ತೆನೆಗಳನ್ನು ಗುರುತಿಸಿ ಎಲ್ಲರಿಗೂ ತೆರೆದಿಟ್ಟವು. ನಮ್ಮಲ್ಲಿ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಸ್ಕ್ಯಾನರು ಎಲೆಯ ಹರವನ್ನು ಅಳೆಯುತ್ತದೆ. ದೆಹಲಿಯ ಪೂಸಾದಲ್ಲಿ 2017ರಲ್ಲಿ ಗಿಡಗಳ ಲಕ್ಷಣ ಅಳೆಯುವ ನಾನಾಜಿ ದೇಶಮುಖ್ ಕೇಂದ್ರ ತೆರೆಯಿತು. ಉಪಕರಣಕ್ಕೆ ಬರವಿಲ್ಲ. ರಾಗಿಗೆ ಗೋಧಿಯಷ್ಟು ವಿಸ್ತಾರವಾದ ಚಿತ್ರಸಂಗ್ರಹವಿಲ್ಲ, ಅಷ್ಟೇ.

ಒಂದು ಬೆಳೆಯಲ್ಲಿ ಕಲಿತ ಮಾದರಿಯನ್ನು ಇನ್ನೊಂದಕ್ಕೆ ಹೊಂದಿಸಬಹುದಲ್ಲ ಎನ್ನುವವರಿದ್ದಾರೆ. ಹೊಂದಿಸಬಹುದು, ಕಲಿಕೆಗೆ ಬೇಕಾದ ಚಿತ್ರಗಳೂ ಕಡಿಮೆಯಾಗುತ್ತವೆ. ಕಲಿತದ್ದು ಸರಿಯೇ ಎಂದು ಪರೀಕ್ಷಿಸಲು ಮಾತ್ರ ಕೈಯಿಂದ ಎಣಿಸಿದ ನಮ್ಮ ಹೊಲದ ಚಿತ್ರಗಳೇ ಬೇಕು. ಗೋಧಿಯದು ಒಂಟಿ ಕದಿರು. ರಾಗಿಯ ಇಲುಕುಗಳು ತಳಿಯಿಂದ ತಳಿಗೆ ಬಿರಿದೋ ಮುಷ್ಟಿಯಂತೆ ಒಳಬಾಗಿಯೋ ಇರುತ್ತವೆ, ಒಂದರ ಹಿಂದೆ ಒಂದು ಮರೆಯಾಗುತ್ತವೆ. ಒಂದೆರಡು ಎಕರೆಯ ರೈತನಿಗೆ ಇದೇಕೆ ಎಂಬ ಆಕ್ಷೇಪವೂ ಉಂಟು. ಅಳತೆ ಬೇಕಾದದ್ದು ಮೊದಲು ತಳಿವಿಜ್ಞಾನಿಗೆ. ಮಳೆ ಕೈಕೊಟ್ಟ ವಾರದಲ್ಲಿ ಯಾವ ಸಾಲು ಎಲೆ ಸುರುಳಿಸಿತು, ಇಲುಕಿನ ಬೆಂಕಿ ರೋಗ ಎಷ್ಟು ಹರಡಿತು ಎಂಬುದನ್ನು ಇಬ್ಬರು ನೋಡಿದರೆ ಎರಡು ಅಂಕ ಬರುತ್ತದೆ. ಅಳತೆ ಬೇಕಾದದ್ದು ರಾಗಿಗಷ್ಟೇ ಅಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಹೊತ್ತಿರುವ ಹಿಪ್ಪುನೇರಳೆಯಲ್ಲಿ ಎಲೆಯೇ ಇಳುವರಿ; ಚನ್ನಪಟ್ಟಣದ ಮಾವಿನಲ್ಲಿ ಹೂಗೊಂಚಲಿನ ಎಣಿಕೆಯೇ ಇಳುವರಿಯ ಮುನ್ಸೂಚನೆ. ಕೃಷಿ ವಿಶ್ವವಿದ್ಯಾಲಯವೂ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ತಮ್ಮ ತಾಕುಗಳಲ್ಲಿ ಕೈಯೆಣಿಕೆಯ ಜೊತೆಗೆ ಚಿತ್ರವನ್ನೂ ತೆಗೆದು, ಎರಡನ್ನೂ ಒಟ್ಟಿಗೆ ಎಲ್ಲರಿಗೂ ತೆರೆದಿಡಲಿ. ಹೊಸ ಯಂತ್ರಕ್ಕೆ ಹಣ ಕೇಳುವ ಮೊದಲು ಆಗಬೇಕಾದ ಕೆಲಸ ಇದು.