ಮನೆ ದೀಪದ ನೀಲಿ: ಹುಬ್ಬಳ್ಳಿ-ಧಾರವಾಡದಲ್ಲಿ ಚಿಮಣಿಯಿಂದ ಎಲ್‌ಇಡಿವರೆಗೆ

ಹುಬ್ಬಳ್ಳಿ-ಧಾರವಾಡದ ಮನೆ ದೀಪಗಳ ಚರಿತ್ರೆಯನ್ನು ಬೆಳಕಿನ ಬಣ್ಣದ ಜಾಡು ಹಿಡಿದು ನೋಡಿದರೆ, ಅದು ಕೆಂಪಿನಿಂದ ನೀಲಿಯ ಕಡೆಗೆ ಸಾಗಿದ ದಾರಿ. ಕುಸುಬಿ ಎಣ್ಣೆಯ ಹಣತೆ, ಸೀಮೆಎಣ್ಣೆಯ ಚಿಮಣಿ, ಕಂದೀಲು, ಇವೆಲ್ಲ ಉರಿಯ ಬೆಳಕು. ಅದರ ವರ್ಣತಾಪ (ಇದು ಏರಿದಷ್ಟೂ ಬೆಳಕು ನೀಲಿಯತ್ತ ಸಾಗುತ್ತದೆ) ಸುಮಾರು 1,900 ಕೆಲ್ವಿನ್. ನೀಲಿಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಮದುವೆ ಮೆರವಣಿಗೆಯ ಗ್ಯಾಸ್‌ಬತ್ತಿ ಮಾತ್ರ ಬೆಳ್ಳಗೆ ಉರಿಯುತ್ತಿತ್ತು.

ವಿದ್ಯುತ್ತು ಊರಿಗೆ ಬಂದದ್ದು ಮುಂಬಯಿ ಪ್ರಾಂತದ ಕಾಲದಲ್ಲಿ. ಪೂರೈಕೆ ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿ ಎಂಬ ಖಾಸಗಿ ಸಂಸ್ಥೆಯ ಕೈಯಲ್ಲಿತ್ತು. 1910ರ ವಿದ್ಯುತ್ ಕಾಯ್ದೆಯಡಿ ಸರ್ಕಾರ ಅದರ ಪರವಾನಗಿಯನ್ನು ರದ್ದು ಮಾಡಿದಾಗ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಕಂಪನಿ ತಪ್ಪಿತೇ ಇಲ್ಲವೇ ಎಂಬುದರಲ್ಲಿ ಸರ್ಕಾರದ ಅಭಿಪ್ರಾಯವೇ ನಿರ್ಣಾಯಕ ಎಂದ ಆ ತೀರ್ಪು 1949ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಆಡಳಿತ ಕಾನೂನು ಓದುವವರಿಗೆ ಇಂದಿಗೂ ಪರಿಚಿತ.  1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು.

ಆ ಕಾಲದ ಟಂಗ್‌ಸ್ಟನ್ ತಂತಿಯ ಬಲ್ಬು ಸುಮಾರು 2,700 ಕೆಲ್ವಿನ್ನಿನದು. ಎಳೆದುಕೊಂಡ ವಿದ್ಯುತ್ತಿನ ಬಹುಪಾಲನ್ನು ಅದು ಶಾಖವಾಗಿ ಚೆಲ್ಲುತ್ತಿತ್ತು. ಮಲಗುವ ಕೋಣೆಯ ನೀಲಿ ಜೀರೋ ಬಲ್ಬಿನ ಒಳಗೂ ಇದೇ ತಂತಿ. ಬಣ್ಣ ಬಳಿದ ಗಾಜು ಉಳಿದ ಬಣ್ಣಗಳನ್ನು ತಡೆಯುತ್ತಿತ್ತೇ ಹೊರತು ನೀಲಿಯನ್ನು ಹೆಚ್ಚಿಸುತ್ತಿರಲಿಲ್ಲ. ಹೆಸರು ಸೊನ್ನೆಯಾದರೂ ಹತ್ತು ಹದಿನೈದು ವ್ಯಾಟ್ ತಿನ್ನುತ್ತಿತ್ತು. ನಾಲ್ಕು ಅಡಿಯ, 40 ವ್ಯಾಟಿನ ಟ್ಯೂಬ್‌ಲೈಟು ಚೋಕು, ಸ್ಟಾರ್ಟರುಗಳೊಂದಿಗೆ ಬಂದ ಮೇಲೆಯೇ 6,500 ಕೆಲ್ವಿನ್ನಿನ ಹಗಲಿನಂಥ ಬೆಳಕು ಮನೆಯೊಳಗೆ ಹರಡಿತು. ದೀಪದ ಬಣ್ಣ ಮುಖ್ಯವಾಗುವ ಇನ್ನೊಂದು ಜಾಗ ಮನೆಯ ಗಾಜಿನ ತೊಟ್ಟಿ. ಬಣ್ಣದ ಮೀನಿನ ಸಿಹಿನೀರಿನ ತೊಟ್ಟಿಗೆ ಟ್ಯೂಬ್‌ಲೈಟಿನ ಚಿಕ್ಕ ಕೊಳವೆಯೊಂದು ಸಾಕು.

ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವ ಹವಳಕ್ಕೆ ಅಷ್ಟು ಸಾಲದು. ದಿಬ್ಬ ಕಟ್ಟುವ ಹವಳದ ಮೈಯಲ್ಲಿ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳದ ಆಹಾರದ ದೊಡ್ಡ ಪಾಲು ಆ ಪಾಚಿ ಬೆಳಕಿನಲ್ಲಿ ತಯಾರಿಸಿದ ಸಕ್ಕರೆಯಿಂದ ಸಿಗುತ್ತದೆ. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಪಾಚಿಯೂ ಆ ನೀಲಿಗೇ ಒಗ್ಗಿಕೊಂಡಿದೆ. ಜಕಾರ್ತದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲಿ ತೊಟ್ಟಿಯಲ್ಲಿ ಹವಳ ಬದುಕಿಸಿದ್ದು ಬಿಸಿಲಿನ ಬಲದಿಂದ. ಬಿಸಿಲು ಸಾಲದ ಯುರೋಪಿನಲ್ಲಿ 150, 250 ವ್ಯಾಟಿನ ಮೆಟಲ್ ಹಾಲೈಡ್ ದೀಪ ಬಳಕೆಗೆ ಬಂತು. ಕಡಲಿನಿಂದ ನೂರು ಕಿ.ಮೀ.ಗೂ ದೂರವಿದ್ದು, ಏಪ್ರಿಲ್-ಮೇನಲ್ಲಿ 37-38 ಡಿಗ್ರಿ ಕಾಯುವ ಹುಬ್ಬಳ್ಳಿಗೆ ಅಂಥ ಬಿಸಿ ದೀಪ ಹೊಂದುವುದಿಲ್ಲ: ನೀರು 30 ಡಿಗ್ರಿ ದಾಟಿದರೆ ಹವಳ ಬಳಲುತ್ತದೆ.

ರಾಜ್ಯದ ಕರಾವಳಿಯಲ್ಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಅಲ್ಲಿಂದ ಒಂದು ತುಣುಕು ಕಿತ್ತು ತರುವುದೂ ಅಪರಾಧ, ಹಾಗಿರುವುದೇ ಸರಿ.

ಬಿಸಿ ದೀಪಕ್ಕೆ ಬದಲಿ ಒದಗಿದ್ದು ಎಲ್‌ಇಡಿಯಿಂದ. ಶೂಜಿ ನಕಮುರಾ ಜಪಾನಿನ ನಿಚಿಯಾ ಕಂಪನಿಯಲ್ಲಿ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ರೂಪಿಸಿದರು. ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರೊಂದಿಗೆ 2014ರ ನೊಬೆಲ್ ಅವರಿಗೆ ಸಂದಿತು. ಇಂದಿನ ಬಿಳಿ ಬಲ್ಬಿನ ಮೂಲ ಅದೇ. 2015ರ ಕೊನೆಯಲ್ಲಿ ಆರಂಭವಾದ ರಾಜ್ಯದ ‘ಹೊಸ ಬೆಳಕು’ ಯೋಜನೆಯಲ್ಲಿ 9 ವ್ಯಾಟಿನ ಬಲ್ಬನ್ನು 100 ರೂಪಾಯಿಗೆ ಕೊಡಲಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯಿರುವ ಹೆಸ್ಕಾಂನಂಥ ವಿದ್ಯುತ್ ಕಂಪನಿಗಳ ಮೂಲಕ ಅದು ಮನೆಮನೆ ತಲುಪಿತು.

ಈ ಬಲ್ಬಿನ ಬಿಳಿ ಗುಮ್ಮಟದ ಕೆಳಗೆ ಒಂದು ಅಲ್ಯೂಮಿನಿಯಂ ಬಿಲ್ಲೆ; ಅದರ ಮೇಲೆ ಹಳದಿ ಚೌಕಗಳ ಸಾಲು. ಹಳದಿ ಕಾಣುವುದು ಮೇಲಿನ ಫಾಸ್ಫರ್ ಲೇಪ, ಅದರಡಿಯ ಚಿಪ್ ಸೂಸುವುದು ನೀಲಿ. 450 ನ್ಯಾನೊಮೀಟರ್ ಆಸುಪಾಸಿನ ಆ ನೀಲಿಯಲ್ಲಿ ಒಂದಷ್ಟು ಲೇಪದಲ್ಲಿ ಹಳದಿಯಾಗುತ್ತದೆ, ಉಳಿದದ್ದು ಹಾಗೇ ಹೊರಬರುತ್ತದೆ. ಹವಳದ ಪಾಚಿ ಬೇಡುವುದು ಈ ಅಲೆಯುದ್ದವನ್ನೇ. ಹಾಗಾಗಿ 6,500 ಕೆಲ್ವಿನ್ನಿನ ಐದಾರು ಬಲ್ಬುಗಳನ್ನು ಪ್ರತಿಫಲಕ ಕಟ್ಟಿ ಹತ್ತಿರದಿಂದ ಬೆಳಗಿಸಿದರೆ, ಆಳವಿಲ್ಲದ ತೊಟ್ಟಿಯಲ್ಲಿ ಕಡಿಮೆ ಬೆಳಕು ಸಾಕೆನ್ನುವ ಮೆದು ಹವಳಗಳು ಬದುಕುತ್ತವೆ. ವಾರ್ಮ್ ವೈಟ್ ಬಲ್ಬಿನಲ್ಲಿ ನೀಲಿ ತೀರ ಕಡಿಮೆ, ಅದು ಬೇಡ. ಬಿಳಿ ಬೆಳಕಿನಲ್ಲಿ ಹವಳದ ಹೊಳಪು ಕಾಣುವುದಿಲ್ಲ, ಮೈ ಕಂದಾಗಿ ತೋರುತ್ತದೆ. ಅದಕ್ಕೆ ಲೇಪವಿಲ್ಲದ ನೀಲಿ ಎಲ್‌ಇಡಿ ಜೊತೆಗಿರಬೇಕು. ಬೆಳಕು ಹೆಚ್ಚಲಿ ಎಂದು ಗುಮ್ಮಟ ಕಿತ್ತುಹಾಕುವುದು ಅಪಾಯಕಾರಿ. ಅಗ್ಗದ ಬಲ್ಬುಗಳಲ್ಲಿ ಆ ಬಿಲ್ಲೆಗೆ ಮನೆಯ ಕರೆಂಟು ನೇರವಾಗಿ ತಗುಲಿರುತ್ತದೆ, ಉಪ್ಪುನೀರಿನ ಹನಿ ಬಿದ್ದರೆ ಶಾಕ್ ಹೊಡೆಯಬಹುದು. ಹೋಲ್ಡರಿನ ಹಿತ್ತಾಳೆಯೂ ಉಪ್ಪಿನ ಹಸಿಗೆ ಬೇಗ ಕಿಲುಬು ಹಿಡಿಯುತ್ತದೆ. ಕರೆಂಟು ಹೋದಾಗ ಒಂದೆರಡು ದಿನದ ಕತ್ತಲನ್ನು ಹವಳ ತಾಳಿಕೊಳ್ಳುತ್ತದೆ, ನೀರು ನಿಂತರೆ ತಾಳುವುದಿಲ್ಲ. ಆದ್ದರಿಂದ ಇನ್ವರ್ಟರಿನ ಲೈನು ಮೊದಲು ಪಂಪಿಗೆ, ಆಮೇಲೆ ದೀಪಕ್ಕೆ.