ಅಮೆರಿಕದ ರಾಷ್ಟ್ರೀಯ ಉದ್ಯಾನಗಳೂ ವರ್ಣಭೇದವೂ

ಪ್ರಕೃತಿಸೌಂದರ್ಯದಿಂದ ಕೂಡಿದ ಪ್ರದೇಶಗಳನ್ನು ಖಾಸಗಿಯವರ ಕೈಗೆ ಬಿಡದೆ ಸಮಸ್ತ ಪ್ರಜೆಗಳ ವಿಹಾರಕ್ಕಾಗಿ ಕಾದಿರಿಸಬೇಕೆಂಬ ತತ್ತ್ವವನ್ನು ಶಾಸನರೂಪಕ್ಕೆ ತಂದ ದೇಶಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನ ಅಗ್ರಗಣ್ಯವಾದುದು. ೧೮೭೨ರಲ್ಲಿ ಯೆಲ್ಲೋಸ್ಟೋನ್ ಅಲ್ಲಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು; ೧೯೧೬ರಲ್ಲಿ ಇಂಥ ಉದ್ಯಾನಗಳ ಆಡಳಿತಕ್ಕೆಂದೇ ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಇಲಾಖೆ ಸ್ಥಾಪಿತವಾಯಿತು. ಆದರೆ ಈ ಉದ್ಯಾನಗಳಿಗೆ ಬರುವವರಲ್ಲಿ ಆಫ್ರಿಕನ್ ಮೂಲದ ಕಪ್ಪು ಅಮೆರಿಕನ್ನರ ಪ್ರಮಾಣ, ಅವರ ಜನಸಂಖ್ಯೆಗೆ ಹೋಲಿಸಿದರೆ, ಇಂದಿಗೂ ಕಡಿಮೆ. ಕಾಡುಬೆಟ್ಟಗಳ ಸಂಚಾರದಲ್ಲಿ ಅವರಿಗೆ ಅಭಿರುಚಿ ಇಲ್ಲವೆಂಬುದು ಇದಕ್ಕೆ ಬಹುಕಾಲದಿಂದ ಕೇಳಿಬರುತ್ತಿರುವ ಸಮಾಧಾನ. ಈ ಸಮಾಧಾನವು ಇತಿಹಾಸದ ಒರೆಗಲ್ಲಿಗೆ ನಿಲ್ಲುವುದೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಉದ್ಯಾನಗಳಿಗಾಗಿ ತಮ್ಮ ನೆಲವನ್ನೇ ಕಳೆದುಕೊಂಡ ಮೂಲನಿವಾಸಿಗಳ ವಿಷಯ ಪ್ರತ್ಯೇಕವಾದ ಅಧ್ಯಯನವನ್ನು ಬೇಡುತ್ತದೆಯಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಉದ್ಯಾನ ಸೇವೆ ಹುಟ್ಟುವುದಕ್ಕೆ ಮೊದಲು ಕ್ಯಾಲಿಫೋರ್ನಿಯದ ಉದ್ಯಾನಗಳನ್ನು ಕಾಯುತ್ತಿದ್ದವರು ಸೈನಿಕರು. ೧೮೯೯, ೧೯೦೩ ಮತ್ತು ೧೯೦೪ರ ಬೇಸಗೆಗಳಲ್ಲಿ ಅಲ್ಲಿನ ಕಾವಲಿಗೆ ನಿಯುಕ್ತವಾದ ತುಕಡಿಗಳಲ್ಲಿ ಕಪ್ಪು ಸೈನಿಕರ ತುಕಡಿಗಳೂ ಇದ್ದುವು. ಅವರು ಕಾಳ್ಗಿಚ್ಚನ್ನು ಆರಿಸಿದರು, ಕಳ್ಳಬೇಟೆಯನ್ನು ತಡೆದರು, ದಾರಿಗಳನ್ನು ಕಡಿದರು. ೧೯೦೩ರಲ್ಲಿ ಸೆಕ್ವೊಯ ಉದ್ಯಾನದ ಹಂಗಾಮಿ ಮೇಲ್ವಿಚಾರಕರಾಗಿದ್ದವರು ಕ್ಯಾಪ್ಟನ್ ಚಾರ್ಲ್ಸ್ ಯಂಗ್. ೧೮೬೪ರಲ್ಲಿ ಕೆಂಟಕಿಯಲ್ಲಿ ಗುಲಾಮ ದಂಪತಿಗಳಿಗೆ ಜನಿಸಿದ ಇವರು, ೧೮೮೯ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ಉತ್ತೀರ್ಣರಾದ ಮೂರನೆಯ ಕಪ್ಪು ಪದವೀಧರರು. ಹಿಂದಿನ ಮೂರು ವರ್ಷಗಳಲ್ಲಿ ಆಗಿದ್ದುದಕ್ಕಿಂತ ಹೆಚ್ಚು ರಸ್ತೆಯನ್ನು ಅವರ ಪಡೆ ಒಂದೇ ಬೇಸಗೆಯಲ್ಲಿ ನಿರ್ಮಿಸಿತು. ದೈತ್ಯವೃಕ್ಷಗಳ ಆ ಕಾಡಿಗೆ ಬಂಡಿಗಳು ತಲುಪಲು ಸಾಧ್ಯವಾದುದು ಈ ರಸ್ತೆಯಿಂದಲೇ. ಎಂದರೆ, ಕಾಡಿನ ಬಾಗಿಲನ್ನು ಜನತೆಗೆ ತೆರೆದವರ ಸಾಲಿನಲ್ಲಿ ಕಪ್ಪು ಜನರು ಮೊದಲಿನವರು.

೧೯೩೩ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ನಿರುದ್ಯೋಗಿ ತರುಣರಿಗಾಗಿ ನಾಗರಿಕ ಸಂರಕ್ಷಣ ದಳವನ್ನು ಸ್ಥಾಪಿಸಿದಾಗ ಇದೇ ಕಥೆ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಆಗ ಕಾಂಗ್ರೆಸ್ಸಿನಲ್ಲಿದ್ದ ಏಕೈಕ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟರ ಪ್ರಯತ್ನದಿಂದ, ವರ್ಣ ಮತಗಳ ಭೇದವನ್ನು ನಿಷೇಧಿಸುವ ವಾಕ್ಯವೊಂದು ಆ ಶಾಸನದಲ್ಲಿ ಸೇರಿತು. ಹಾಗಿದ್ದರೂ ೧೯೩೫ರಲ್ಲಿ ದಳದ ನಿರ್ದೇಶಕ ರಾಬರ್ಟ್ ಫೆಕ್ನರ್ ಕಪ್ಪು ತರುಣರಿಗೆ ಪ್ರತ್ಯೇಕ ಶಿಬಿರಗಳನ್ನು ವಿಧಿಸಿದರು. ದಳವು ೧೯೪೨ರಲ್ಲಿ ಮುಕ್ತಾಯವಾಗುವ ವೇಳೆಗೆ ಸುಮಾರು ಎರಡು ಲಕ್ಷ ಕಪ್ಪು ತರುಣರು ಅದರಲ್ಲಿ ದುಡಿದಿದ್ದರು. ಗಿಡ ನೆಟ್ಟು ರಸ್ತೆ ಹಾಕಿದ ಈ ತರುಣರಿಗೆ, ದಕ್ಷಿಣದ ಸಂಸ್ಥಾನಗಳಲ್ಲಿ ವಿಹಾರಿಗಳಾಗಿ ಬರುವ ಸಮಾನ ಹಕ್ಕು ಮಾತ್ರ ಇರಲಿಲ್ಲ.

ವರ್ಜೀನಿಯದ ಶೆನಂಡೋ ಉದ್ಯಾನದ ಚರಿತ್ರೆ ಇದಕ್ಕೆ ಸ್ಪಷ್ಟವಾದ ನಿದರ್ಶನ. ೧೯೩೬ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಈ ಉದ್ಯಾನ ಸಮಸ್ತ ರಾಷ್ಟ್ರದ ಸ್ವತ್ತು. ಆದರೂ ಸ್ಥಳೀಯ ಪದ್ಧತಿಯನ್ನು ಅನುಸರಿಸಬೇಕೆಂಬ ನೆಪದಿಂದ, ಕಪ್ಪು ಜನರ ಊಟ, ವಸತಿ, ಶಿಬಿರಗಳಿಗಾಗಿ ಲೂಯಿಸ್ ಮೌಂಟನ್ ಎಂಬ ಸ್ಥಳವನ್ನು ಬೇರ್ಪಡಿಸಿ, ಅಲ್ಲಿ ನೀಗ್ರೋ ಪ್ರದೇಶವೆಂದು ಫಲಕ ನೆಡಲಾಯಿತು. ಒಳಾಡಳಿತ ಸಚಿವರಾಗಿದ್ದ ಹೆರಾಲ್ಡ್ ಇಕಿಸ್ ಮತ್ತು ಅವರ ಸಲಹೆಗಾರರಾಗಿದ್ದ, ಸ್ವತಃ ಕಪ್ಪು ಜನಾಂಗದವರಾದ ವಿಲಿಯಂ ಟ್ರೆಂಟ್, ಈ ವ್ಯವಸ್ಥೆಯನ್ನು ಪ್ರಶ್ನಿಸಿದರು. ಅದರ ಫಲವಾಗಿ ೧೯೩೯ರಲ್ಲಿ ಪಿನಕಲ್ಸ್ ಎಂಬ ವನಭೋಜನ ಸ್ಥಳ ಎಲ್ಲರಿಗೂ ಸಮಾನವಾಗಿ ತೆರೆಯಿತು. ೧೯೪೫ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಭೇದವನ್ನು ನಿಷೇಧಿಸುವ ಪ್ರಕಟಣೆ ಹೊರಟಿತು. ಶೆನಂಡೋದಲ್ಲಿ ಅದು ಪೂರ್ಣವಾಗಿ ಆಚರಣೆಗೆ ಬರುವುದಕ್ಕೆ ೧೯೫೦ನೆಯ ಇಸವಿಯೇ ಬೇಕಾಯಿತು.

ಉದ್ಯಾನದ ಬಾಗಿಲು ತೆರೆದರೂ ಅಲ್ಲಿಗೆ ಹೋಗುವ ದಾರಿ ಸುಗಮವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ದಾರಿಯಲ್ಲಿ ಊಟ, ಪೆಟ್ರೋಲು, ರಾತ್ರಿಯ ತಂಗುದಾಣ ಯಾವ ಊರಿನಲ್ಲಿ ಅವಮಾನವಿಲ್ಲದೆ ದೊರೆಯುವುದೆಂಬುದನ್ನು ತಿಳಿಸಲು, ಹಾರ್ಲೆಮಿನ ಅಂಚೆ ನೌಕರ ವಿಕ್ಟರ್ ಗ್ರೀನ್ ೧೯೩೬ರಿಂದ ಒಂದು ಕೈಪಿಡಿಯನ್ನೇ ಪ್ರಕಟಿಸಬೇಕಾಯಿತು. ಅದು ನಡುವೆ ಕೆಲವು ವರ್ಷ ನಿಂತರೂ ಮೂರು ದಶಕಗಳ ವರೆಗೆ ಬಾಳಿತು. ಪ್ರವಾಸದಲ್ಲಿ ಆಸಕ್ತಿಯಿಲ್ಲದ ಜನರಿಗೆ ಇಂಥ ಪುಸ್ತಕದ ಅಗತ್ಯವೇನಿತ್ತು?

ನಗರ ಮತ್ತು ಸಂಸ್ಥಾನಗಳ ಆಡಳಿತದಲ್ಲಿದ್ದ ಉದ್ಯಾನ, ಕೊಳ, ಕಡಲತೀರಗಳಲ್ಲಿ ಹೋರಾಟ ಇನ್ನೂ ಕಠಿನವಾಯಿತು. ೧೯೫೫ರಲ್ಲಿ ಬಾಲ್ಟಿಮೋರ್ ಮೊಕದ್ದಮೆಯಲ್ಲಿ ಸಾರ್ವಜನಿಕ ಸ್ನಾನಘಟ್ಟಗಳ ಪ್ರತ್ಯೇಕತೆ ಅಸಿಂಧುವೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಿಸಿಸಿಪಿಯ ಬಿಲಾಕ್ಸಿಯಲ್ಲಿ ವೈದ್ಯ ಗಿಲ್ಬರ್ಟ್ ಮೇಸನ್ನರ ನೇತೃತ್ವದಲ್ಲಿ ಕಪ್ಪು ಜನರು ೧೯೫೯ರಿಂದ ೧೯೬೩ರ ವರೆಗೆ ಮೂರು ಬಾರಿ ನಿಷಿದ್ಧವಾದ ಕಡಲತೀರಕ್ಕಿಳಿದರು. ೧೯೬೦ರ ಏಪ್ರಿಲ್ ತಿಂಗಳಿನಲ್ಲಿ ಬಿಳಿಯರ ಗುಂಪು ಅವರ ಮೇಲೆ ಬಿದ್ದು ಹೊಡೆಯಿತು. ಮೆಂಫಿಸ್ ನಗರ ತನ್ನ ಉದ್ಯಾನಗಳನ್ನು ಕ್ರಮಕ್ರಮವಾಗಿ ತೆರೆಯಲು ಕಾಲಾವಕಾಶ ಕೋರಿದಾಗ, ೧೯೬೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿತು. ಅದೇ ವರ್ಷ ದಕ್ಷಿಣ ಕರೊಲೈನ ಸಂಸ್ಥಾನ, ಎಲ್ಲರನ್ನೂ ಒಳಗೆ ಬಿಡುವುದಕ್ಕೆ ಬದಲಾಗಿ, ತನ್ನ ಉದ್ಯಾನಗಳನ್ನೆಲ್ಲ ಮುಚ್ಚಿಬಿಟ್ಟಿತು. ೧೯೬೪ರಲ್ಲಿ ಮತ್ತೆ ತೆರೆದಾಗಲೂ ಈಜಿಗೆ ಅವಕಾಶವಿರಲಿಲ್ಲ. ಮಿಸಿಸಿಪಿಯ ಜಾಕ್ಸನ್ ನಗರವೂ ಹೀಗೆಯೇ ಈಜುಕೊಳಗಳನ್ನು ಮುಚ್ಚಿತು. ಕೊಳಗಳನ್ನು ಮುಚ್ಚಿದುದರಿಂದ ಎಲ್ಲರಿಗೂ ಸಮಾನವಾಗಿ ನಷ್ಟವಾಯಿತೆಂಬ ವಾದವನ್ನು ೧೯೭೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ ಮಾನ್ಯ ಮಾಡಿತು.

ಮೇಲ್ಕಂಡ ಸಂಗತಿಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಅಭಿರುಚಿಯೆಂಬುದು ರಕ್ತದಲ್ಲಿ ಹರಿದುಬರುವ ಗುಣವಲ್ಲ, ಅಭ್ಯಾಸದಿಂದ ಬೆಳೆಯುವಂಥದು. ಈಜನ್ನಾಗಲಿ, ಡೇರೆ ಹೂಡುವುದನ್ನಾಗಲಿ ಮಕ್ಕಳಿಗೆ ಸಾಮಾನ್ಯವಾಗಿ ಕಲಿಸುವವರು ತಂದೆತಾಯಿಗಳು. ತಂದೆತಾಯಿಗಳಿಗೇ ಕೊಳದ ಬಾಗಿಲು ಮುಚ್ಚಿದ್ದರೆ ಮಕ್ಕಳಿಗೆ ಕಲಿಸುವವರು ಯಾರು? ಶಾಸನ ಬಾಗಿಲನ್ನು ಒಂದು ದಿನದಲ್ಲಿ ತೆರೆಯಬಲ್ಲುದು. ಎರಡು ಮೂರು ತಲೆಮಾರುಗಳಲ್ಲಿ ಕಡಿದುಹೋದ ಪರಂಪರೆಯನ್ನು ಒಂದು ದಿನದಲ್ಲಿ ಕೂಡಿಸಲಾರದು. ಆದಕಾರಣ ಇಂದಿನ ಕರ್ತವ್ಯ ಕೇವಲ ಅನುಮತಿಯಿಂದ ಮುಗಿಯುವುದಿಲ್ಲ. ಪರಿಹಾರವು ಕಾರಣಗಳಿಗೆ ತಕ್ಕುದಾಗಿರಬೇಕು: ಪ್ರಯಾಣ ಕಷ್ಟವಾಗಿರುವಲ್ಲಿ ನಗರಗಳಿಂದ ಅಗ್ಗದ ವಾಹನಸೌಕರ್ಯ, ಕಲಿಕೆ ತಪ್ಪಿಹೋಗಿರುವಲ್ಲಿ ಶಿಕ್ಷಣ, ಅಪನಂಬಿಕೆ ಉಳಿದಿರುವಲ್ಲಿ ಅದೇ ಜನಾಂಗದ ಅಧಿಕಾರಿಗಳ ಉಪಸ್ಥಿತಿ.

ಈ ದಿಕ್ಕಿನಲ್ಲಿ ಕೆಲವು ಪ್ರಯತ್ನಗಳು ನಡೆದಿವೆ. ಯೊಸೆಮಿಟಿಯಲ್ಲಿ ರೇಂಜರ್ ಆಗಿದ್ದ ಶೆಲ್ಟನ್ ಜಾನ್ಸನ್, ಕಪ್ಪು ಸೈನಿಕರ ಮರೆತುಹೋದ ಸೇವೆಯನ್ನು ಶೋಧಿಸಿ ಸಂದರ್ಶಕರಿಗೆ ನಿರೂಪಿಸಿದರು. ೨೦೦೯ರಲ್ಲಿ ಓಕ್‌ಲೆಂಡಿನ ರೂ ಮ್ಯಾಪ್ ಎಂಬ ಮಹಿಳೆ ಔಟ್‌ಡೋರ್ ಆಫ್ರೊ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಸ್ವಯಂಸೇವಕರು ತಮ್ಮವರನ್ನು ತಾವೇ ಕಾಡಿಗೂ ಹೊಳೆಗೂ ಕರೆದೊಯ್ಯುತ್ತಾರೆ. ೨೦೧೩ರಲ್ಲಿ ಓಹಾಯೊ ಸಂಸ್ಥಾನದಲ್ಲಿರುವ ಚಾರ್ಲ್ಸ್ ಯಂಗರ ಮನೆ ರಾಷ್ಟ್ರೀಯ ಸ್ಮಾರಕವಾಯಿತು. ಆದರೆ ಕರೆಯುವ ಹೊಣೆಯೆಲ್ಲ ಹೊರಗಿಡಲ್ಪಟ್ಟವರ ಮೇಲೆಯೇ ಬೀಳುವುದು ನ್ಯಾಯವಲ್ಲ. ಲೂಯಿಸ್ ಮೌಂಟನ್ನಿನ ಫಲಕವನ್ನು ನೆಟ್ಟುದು ಸರ್ಕಾರ. ಅದರ ನೆನಪನ್ನು ಅಳಿಸುವಂಥ ಸ್ವಾಗತವೂ ಸರ್ಕಾರದಿಂದಲೇ ಬರಬೇಕಾದುದು ಯುಕ್ತ.